ತನ್ನದೇ ಬೆಲೆಗೆ ಸಾಲಗಾರನಾದ ಸ್ಟ್ರೈಕರ್: ಅಡ್ರಿಯಾನ್ ಮುಟು ಪ್ರಕರಣ

2015ರ ಫುಟ್‌ಬಾಲ್ ಪಂದ್ಯಾವಳಿ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಪುಣೆ ಸಿಟಿ ತಂಡದ ತಾರಾ ಆಟಗಾರ ರೊಮೇನಿಯಾದವನು. ಹೆಸರು ಅಡ್ರಿಯಾನ್ ಮುಟು, ವಯಸ್ಸು 36. ಬೆಂಗಳೂರು ಎಫ್‌ಸಿ ಆಗಿನ್ನೂ ಐ-ಲೀಗ್‌ನಲ್ಲಿತ್ತು, ಹಾಗಾಗಿ ಸೂಪರ್ ಲೀಗ್ ನಮಗೆ ಟಿವಿಯಲ್ಲಿ ನೋಡುವ ಆಟ. ಬಾಲೆವಾಡಿ ಮೈದಾನದ ಸಂಜೆಯ ಸೆಕೆಯಲ್ಲಿ ಆತ ಹೆಚ್ಚು ಓಡುತ್ತಿರಲಿಲ್ಲ. ಆದರೆ ಚೆಂಡು ಕಾಲಿಗೆ ಬಂದಾಗ ಅದನ್ನು ನಿಲ್ಲಿಸುವ ರೀತಿಯಲ್ಲೇ ಹಳೆಯ ಕಸುಬು ಕಾಣುತ್ತಿತ್ತು. ವೀಕ್ಷಕ ವಿವರಣೆಗಾರರು ಚೆಲ್ಸಿ, ಯುವೆಂಟಸ್, ಇಂಟರ್ ಎಂದು ಅವನ ಹಳೆಯ ತಂಡಗಳ ಹೆಸರು ಪಠಿಸುತ್ತಿದ್ದರು.

ಆ ಪಟ್ಟಿಯ ಮೊದಲ ಹೆಸರಿನ ಹಿಂದೆ ಒಂದು ದೊಡ್ಡ ಮೊತ್ತ ಅಡಗಿತ್ತು. ಅದೇ ವರ್ಷದ ಜನವರಿಯಲ್ಲಿ, ಜಗತ್ತಿನ ಕ್ರೀಡಾ ವಿವಾದಗಳನ್ನು ತೀರ್ಮಾನಿಸುವ ಕ್ರೀಡಾ ನ್ಯಾಯಮಂಡಳಿ (ಸಿಎಎಸ್) ಕೊಟ್ಟ ತೀರ್ಪಿನ ಪ್ರಕಾರ, ಚೆಲ್ಸಿ ಕ್ಲಬ್‌ಗೆ ಸಲ್ಲಬೇಕಾದ 1,71,73,990 ಯೂರೊ ಪರಿಹಾರಕ್ಕೆ ಮುಟು ಒಬ್ಬನೇ ಹೊಣೆಗಾರ. ರೂಪಾಯಿ ಲೆಕ್ಕದಲ್ಲಿ ನೂರು ಕೋಟಿಗೂ ಮೇಲೆ. ಕ್ಲಬ್ಬೊಂದು ಆಟಗಾರನನ್ನು ಕೆಲಸದಿಂದ ತೆಗೆದುಹಾಕಿತು. ಆಮೇಲೆ ಅವನನ್ನು ಕೊಳ್ಳಲು ತಾನು ಕೊಟ್ಟಿದ್ದ ಹಣವನ್ನು ಅವನಿಂದಲೇ ಕೇಳಿತು. ನ್ಯಾಯಪೀಠಗಳು ಒಂದರ ಮೇಲೊಂದು ಹೌದು ಎಂದವು. ಮೊದಲ ಸಲ ಕೇಳಿದಾಗ ಇದು ತಲೆಕೆಳಗಾದ ವ್ಯವಹಾರದಂತೆ ತೋರುತ್ತದೆ. ಬಿಡಿಸಿ ನೋಡಿದರೆ ಅದರೊಳಗೂ ಒಂದು ತರ್ಕವಿದೆ. ಒಪ್ಪುವುದು ಬಿಡುವುದು ಬೇರೆ ಮಾತು.

ಮೊದಲು ಆಟಗಾರನ ವಿಷಯ. ಮುಟು ಹುಟ್ಟಿದ್ದು 1979ರ ಜನವರಿ 8ರಂದು, ರೊಮೇನಿಯಾದ ಅರ್ಜೆಶ್ ಪ್ರಾಂತ್ಯದಲ್ಲಿ. ಅಲ್ಲಿನ ಅರ್ಜೆಶ್ ಪಿಟೆಶ್ಟಿ ಕ್ಲಬ್‌ನಲ್ಲಿ ಕಾಲೂರಿ, ರಾಜಧಾನಿಯ ಡಿನಾಮೊ ಬುಕಾರೆಸ್ಟ್‌ಗೆ ಹೋದ. ಒಂದು ವರ್ಷದಲ್ಲೇ, 2000ದ ಜನವರಿಯಲ್ಲಿ, ಇಟಲಿಯ ಇಂಟರ್ ಕರೆಸಿಕೊಂಡಿತು. ಅಲ್ಲಿ ರೊನಾಲ್ಡೊ, ವಿಯೆರಿ, ಬಾಜೊ ಮುಂದಿನ ಸಾಲಿಗೆ ಪೈಪೋಟಿ ನಡೆಸುತ್ತಿದ್ದ ಕಾಲ. 21ರ ಹುಡುಗನಿಗೆ ಜಾಗ ಎಲ್ಲಿಯದು? ಆತ ನಿಜವಾಗಿ ಬೆಳೆದದ್ದು ಸಣ್ಣ ಊರುಗಳಲ್ಲಿ. ಎರಡು ಋತು ವೆರೊನಾ, ಆಮೇಲೆ ಪಾರ್ಮಾ. ಪಾರ್ಮಾದ 2002-03ರ ಋತುವಿನಲ್ಲಿ ಬ್ರೆಜಿಲ್‌ನ ಅಡ್ರಿಯಾನೊ ಜೊತೆಗೂಡಿ ಲೀಗ್‌ನಲ್ಲಿ 18 ಗೋಲು ಹೊಡೆದ. ಒಬ್ಬ ಬಂಡೆಯಂಥ ಸೆಂಟರ್ ಫಾರ್ವರ್ಡ್, ಇನ್ನೊಬ್ಬ ಎಡಗಡೆಯಿಂದ ಒಳಕ್ಕೆ ನುಸುಳಿ ಬಲಗಾಲಿನಿಂದ ಮೂಲೆಗೆ ತಿರುಗಿಸಿ ಹೊಡೆಯುವವನು. ರಕ್ಷಕರಿಗೆ ಯಾರನ್ನು ಹಿಡಿಯಬೇಕೆಂದೇ ತಿಳಿಯದ ಜೋಡಿ. ರೊಮೇನಿಯಾದವರು ಅವನನ್ನು ವಜ್ರ ಎಂದು ಕರೆಯುತ್ತಿದ್ದರು.

ಅದೇ ಬೇಸಿಗೆಯಲ್ಲಿ ರಷ್ಯಾದ ಶ್ರೀಮಂತ ರೋಮನ್ ಅಬ್ರಮೊವಿಚ್ ಲಂಡನ್ನಿನ ಚೆಲ್ಸಿಯನ್ನು ಕೊಂಡ. ಕ್ಲಬ್ ಒಂದೇ ಬೇಸಿಗೆಯಲ್ಲಿ ಹತ್ತು ಕೋಟಿ ಪೌಂಡ್‌ಗೂ ಹೆಚ್ಚು ಸುರಿದು ಆಟಗಾರರನ್ನು ಗುಡ್ಡೆ ಹಾಕಿಕೊಂಡಿತು. ಮುಟುವಿಗಾಗಿ ಪಾರ್ಮಾಕ್ಕೆ ಸಂದದ್ದು 2.25 ಕೋಟಿ ಯೂರೊ. ಒಪ್ಪಂದ ಐದು ಋತುವಿನದು, 2008ರ ಜೂನ್‌ವರೆಗೆ. ಈ ಎರಡು ಅಂಕಿಗಳನ್ನು ಓದುಗರು ನೆನಪಿಟ್ಟುಕೊಂಡಿರಬೇಕು, ಮುಂದಿನ ಕಥೆಯೆಲ್ಲ ಇವುಗಳ ಸುತ್ತಲೇ.

ಆರಂಭವೇನೋ ಹೂವಿನಂತಿತ್ತು. ಲೆಸ್ಟರ್ ವಿರುದ್ಧ ಮೊದಲ ಪಂದ್ಯದಲ್ಲಿ ಗೋಲು, ಬ್ಲ್ಯಾಕ್‌ಬರ್ನ್ ವಿರುದ್ಧ ಇನ್ನೊಂದು, ಟಾಟನ್‌ಹ್ಯಾಮ್ ವಿರುದ್ಧ ಎರಡು. ಮೂರು ಪಂದ್ಯಕ್ಕೆ ನಾಲ್ಕು. ಆಮೇಲೆ ಒರತೆ ಬತ್ತಿತು. ಮನೆಯಲ್ಲಿ ದಾಂಪತ್ಯ ಮುರಿದಿತ್ತು, ಲಂಡನ್ನಿನ ರಾತ್ರಿಗಳು ಉದ್ದವಾಗಿದ್ದವು. 2004ರ ಬೇಸಿಗೆಯಲ್ಲಿ ಕೋಚ್ ಕ್ಲಾಡಿಯೊ ರಾನಿಯೆರಿ ಹೋಗಿ ಹೋಸೆ ಮೊರಿನ್ಯೊ ಬಂದರು. ಹೊಸ ಕೋಚ್‌ಗೆ ಈತ ಬೇಕಿರಲಿಲ್ಲ. ದೇಶದ ಪಂದ್ಯಕ್ಕೆ ಹೋಗುವಷ್ಟು ಆರೋಗ್ಯ ಇದೆಯೋ ಇಲ್ಲವೋ ಎಂಬ ಬಗ್ಗೆ ಇಬ್ಬರ ನಡುವೆ ಬಹಿರಂಗವಾಗಿಯೇ ಜಟಾಪಟಿ ನಡೆಯಿತು.

2004ರ ಅಕ್ಟೋಬರ್ 1ರಂದು ಮುಟುವನ್ನೇ ಗುರಿಯಾಗಿಸಿ ಪರೀಕ್ಷೆ ನಡೆಯಿತು. ಮೂತ್ರದಲ್ಲಿ ಕೊಕೇನ್ ಇತ್ತು. ಆತ ತಪ್ಪನ್ನು ಒಪ್ಪಿಕೊಂಡ. ಅಕ್ಟೋಬರ್ 28ರಂದು ಚೆಲ್ಸಿ ಒಪ್ಪಂದ ರದ್ದು ಮಾಡಿ ಮನೆಗೆ ಕಳಿಸಿತು. ಇಂಗ್ಲೆಂಡ್‌ನ ಫುಟ್‌ಬಾಲ್ ಸಂಸ್ಥೆ ಏಳು ತಿಂಗಳ ನಿಷೇಧ ಹಾಗೂ 20,000 ಪೌಂಡ್ ದಂಡ ವಿಧಿಸಿತು. ಫಿಫಾ ಆ ನಿಷೇಧವನ್ನು ಇಡೀ ಜಗತ್ತಿಗೆ ವಿಸ್ತರಿಸಿತು. ಇಂಗ್ಲೆಂಡಿನ ಮಾಜಿ ಆಟಗಾರ ಟೋನಿ ಆಡಮ್ಸ್ ಕಟ್ಟಿದ ಪುನರ್ವಸತಿ ಕೇಂದ್ರದಲ್ಲಿ ಮುಟು ಚಿಕಿತ್ಸೆ ಪಡೆದ.

ಇಲ್ಲಿ ಒಂದು ಹೋಲಿಕೆ ಮಾಡಿ ನೋಡಬೇಕು. ಅದೇ ವರ್ಷದ ಆರಂಭದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ರಿಯೊ ಫರ್ಡಿನಾಂಡ್, ಉದ್ದೀಪನ ಮದ್ದು ಪರೀಕ್ಷೆಗೆ ಹಾಜರಾಗದ ಕಾರಣಕ್ಕೆ ಎಂಟು ತಿಂಗಳು ನಿಷೇಧಕ್ಕೊಳಗಾಗಿದ್ದ. ಅವನ ಅಪರಾಧ ಬೇರೆ ಬಗೆಯದು, ಅವನಲ್ಲಿ ಯಾವ ಮಾದಕ ವಸ್ತುವೂ ಸಿಕ್ಕಿರಲಿಲ್ಲ. ಆದರೆ ನಿಷೇಧದ ಅವಧಿ ಮುಟುವಿಗಿಂತ ದೊಡ್ಡದು. ಯುನೈಟೆಡ್ ಅವನನ್ನು ಬಿಡಲಿಲ್ಲ. ನಿಷೇಧ ಮುಗಿಯುವವರೆಗೆ ಕಾದು ಮತ್ತೆ ಮೈದಾನಕ್ಕಿಳಿಸಿತು. ಅಂದರೆ ಚೆಲ್ಸಿಯ ಮುಂದೆಯೂ ಆ ದಾರಿ ಇತ್ತು. ಕಾಯಬಹುದಿತ್ತು, ನಷ್ಟಕ್ಕಾದರೂ ಮಾರಬಹುದಿತ್ತು. ಅದು ಆರಿಸಿಕೊಂಡದ್ದು ಮೂರನೆಯ ದಾರಿ. ಕ್ಲಬ್‌ನ ಶಿಸ್ತಿನ ದೃಷ್ಟಿಯಿಂದ ಅದನ್ನು ತಪ್ಪೆನ್ನಲು ಆಗದು. ಆದರೆ ಮುಂದೆ ಬರುವ ಲೆಕ್ಕದಲ್ಲಿ ಈ ಆಯ್ಕೆಗೂ ಒಂದು ಬೆಲೆ ಇರಬೇಕಿತ್ತಲ್ಲ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಕೆಲಸದಿಂದ ತೆಗೆದ ಮೇಲೆ ಆಟಗಾರ ಸ್ವತಂತ್ರ. ಮೂರೇ ತಿಂಗಳಲ್ಲಿ, 2005ರ ಜನವರಿಯಲ್ಲಿ, ಯುವೆಂಟಸ್ ಅವನನ್ನು ಒಂದು ಕಾಸೂ ವರ್ಗಾವಣೆ ಶುಲ್ಕ ಕೊಡದೆ ಪಡೆಯಿತು. ಆದರೆ ನೇರವಾಗಿ ಅಲ್ಲ, ಬಳಸುದಾರಿಯಲ್ಲಿ. ರೊಮೇನಿಯಾ ಐರೋಪ್ಯ ಒಕ್ಕೂಟ ಸೇರಿದ್ದು 2007ರಲ್ಲಿ. ಅಲ್ಲಿಯತನಕ ಇಟಲಿಯ ಪಾಲಿಗೆ ಅಲ್ಲಿನ ಆಟಗಾರ ಒಕ್ಕೂಟದ ಹೊರಗಿನವನು. ಹೊರದೇಶದಿಂದ ಇಂಥವರನ್ನು ಇಷ್ಟೇ ಜನ ತರಬೇಕೆಂಬ ಮಿತಿ ಪ್ರತಿ ಕ್ಲಬ್‌ಗೂ ಇತ್ತು, ಯುವೆಂಟಸ್‌ನ ಪಾಲು ಮುಗಿದಿತ್ತು. ಹಾಗಾಗಿ ಲಿವೊರ್ನೊ ಎಂಬ ಸಣ್ಣ ಕ್ಲಬ್ ಮೊದಲು ಸಹಿ ಹಾಕಿಸಿಕೊಂಡಿತು, ಕೆಲವೇ ದಿನಗಳಲ್ಲಿ ಯುವೆಂಟಸ್‌ಗೆ ದಾಟಿಸಿತು. ಇಟಲಿಯೊಳಗಿನ ವರ್ಗಾವಣೆಗೆ ಆ ಮಿತಿ ಅನ್ವಯಿಸುವುದಿಲ್ಲ. ಲಿವೊರ್ನೊ ಅಂಗಿ ತೊಟ್ಟು ಮುಟು ಒಂದು ಪಂದ್ಯವನ್ನೂ ಆಡಲಿಲ್ಲ.

ಲಂಡನ್ನಿನಿಂದ ನೋಡಿದವರಿಗೆ ಹೇಗನ್ನಿಸಿರಬೇಕು? ಹದಿನೇಳು ತಿಂಗಳ ಹಿಂದೆ ಎರಡೂಕಾಲು ಕೋಟಿ ಯೂರೊ ಕೊಟ್ಟು ತಂದ ಆಟಗಾರ ಈಗ ಬೇರೊಂದು ದೊಡ್ಡ ಕ್ಲಬ್‌ನ ಅಂಗಳದಲ್ಲಿ, ಬಿಟ್ಟಿಯಾಗಿ.

ಚೆಲ್ಸಿಯ ವಾದದ ಬೇರು ಇರುವುದು ಲೆಕ್ಕಪತ್ರದ ಪುಸ್ತಕದಲ್ಲಿ. ಫುಟ್‌ಬಾಲ್ ಕ್ಲಬ್‌ಗಳು ವರ್ಗಾವಣೆ ಶುಲ್ಕವನ್ನು ಕೊಟ್ಟ ವರ್ಷವೇ ಖರ್ಚೆಂದು ಬರೆಯುವುದಿಲ್ಲ. ಆಟಗಾರನ ನೋಂದಣಿ ಹಕ್ಕನ್ನು ಆಸ್ತಿ ಎಂದು ದಾಖಲಿಸಿ, ಒಪ್ಪಂದದ ಅವಧಿಯುದ್ದಕ್ಕೂ ಸಮನಾಗಿ ಸವಕಳಿ ಕಳೆಯುತ್ತಾ ಹೋಗುತ್ತವೆ. ಸಾಗಣೆ ವ್ಯಾಪಾರಿ ಲಾರಿ ಕೊಂಡು ವರ್ಷವರ್ಷವೂ ಅದರ ಮೌಲ್ಯ ಇಳಿಸಿ ಬರೆಯುತ್ತಾನಲ್ಲ, ಹಾಗೆಯೇ. ಲಾರಿ ಮೂರನೇ ವರ್ಷಕ್ಕೆ ಸುಟ್ಟುಹೋದರೆ ಇನ್ನೂ ಕಳೆಯದೆ ಉಳಿದ ಮೌಲ್ಯವೇ ನಷ್ಟ.

ಈಗ ಕಾಗದ ಪೆನ್ನು ತೆಗೆದುಕೊಳ್ಳಿ. ಮುಟುವಿನ ಬೆಲೆ 2.25 ಕೋಟಿ ಯೂರೊ. ಐದು ಋತು ಎಂದರೆ 60 ತಿಂಗಳು. ಭಾಗಿಸಿದರೆ ತಿಂಗಳಿಗೆ 3.75 ಲಕ್ಷ. 2004ರ ನವೆಂಬರ್‌ನಿಂದ 2008ರ ಜೂನ್‌ವರೆಗೆ ಎಣಿಸಿದರೆ ಬಾಕಿ ಉಳಿದದ್ದು 44 ತಿಂಗಳು. 44ನ್ನು 3.75 ಲಕ್ಷದಿಂದ ಗುಣಿಸಿ: 1,65,00,000. ಇದರ ಮೇಲೆ, ಆತನನ್ನು ತರುವಾಗ ಆಗಿದ್ದ ಇತರ ಖರ್ಚುಗಳಲ್ಲಿ ಇನ್ನೂ ಸವೆಯದ ಭಾಗ 6,73,990. ಕೂಡಿಸಿದರೆ ಬರುವುದು 1,71,73,990. ಜಗತ್ತಿನ ಪತ್ರಿಕೆಗಳೆಲ್ಲ ಬೆರಗಿನಿಂದ ಅಚ್ಚು ಹಾಕಿದ ಆ ವಿಚಿತ್ರ ಅಂಕಿ ಇಷ್ಟು ಸರಳ ಗಣಿತದ ಫಲ. ಇದರಲ್ಲಿ ಮಾದಕ ವಸ್ತುವಿಗೆ ಶಿಕ್ಷೆ ಎಂಬುದು ಒಂದು ಪೈಸೆಯಷ್ಟೂ ಇಲ್ಲ. ಅದಕ್ಕೆ ವಿಧಿಸಿದ್ದು ಏಳು ತಿಂಗಳ ನಿಷೇಧ ಮತ್ತು 20,000 ಪೌಂಡ್ ಮಾತ್ರ. ಈ ಕೋಟಿ ಪೂರ್ತಿಯಾಗಿ ಸವಕಳಿಯ ಬಾಕಿ.

ಈ ಪದ್ಧತಿಗೆ ನಿಯಮದ ಬಲವೂ ಇತ್ತು. ಯಾರಾದರೂ ನ್ಯಾಯವಾದ ಕಾರಣವಿಲ್ಲದೆ ಒಪ್ಪಂದ ಮುರಿದರೆ ಪರಿಹಾರ ಕೊಡಬೇಕು. ಅದನ್ನು ಲೆಕ್ಕಹಾಕುವಾಗ ದೇಶದ ಕಾನೂನು, ಕ್ರೀಡೆಯ ವಿಶಿಷ್ಟತೆ, ಉಳಿದ ಅವಧಿ, ಮತ್ತು ಹಳೆಯ ಕ್ಲಬ್ ಕೊಟ್ಟ ಶುಲ್ಕದಲ್ಲಿ ಸವೆಯದ ಭಾಗ, ಇವನ್ನೆಲ್ಲ ನೋಡಬೇಕು ಎಂದು ಫಿಫಾದ 2001ರ ವರ್ಗಾವಣೆ ನಿಯಮಗಳು ಹೇಳುತ್ತಿದ್ದವು. ಹಾಗಾದರೆ ಪ್ರಶ್ನೆ ಒಂದೇ: ಒಪ್ಪಂದ ಮುರಿದವರು ಯಾರು? ರದ್ದು ಮಾಡಿ ಪತ್ರ ಕೊಟ್ಟದ್ದು ಚೆಲ್ಸಿ. ಆದರೆ ರದ್ದು ಮಾಡುವಂಥ ಕೃತ್ಯ ಎಸಗಿದವನು ಮುಟು. ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್ ಮೇಲ್ಮನವಿ ಸಮಿತಿ 2005ರ ಏಪ್ರಿಲ್‌ನಲ್ಲಿ ಮುರಿದವನು ಆಟಗಾರನೇ ಎಂದಿತು. ಸ್ವಿಟ್ಜರ್ಲೆಂಡ್‌ನ ಲೌಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿ ಅದೇ ಡಿಸೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು. (2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಅವರ ಬೆಳ್ಳಿಯ ಮನವಿ ತಿರಸ್ಕರಿಸಿದ್ದು ಇದೇ ಮಂಡಳಿ. ನಮ್ಮಲ್ಲಿ ಹಲವರು ಅದರ ಹೆಸರು ಕೇಳಿದ್ದೇ ಆಗ.)

ಅಲ್ಲಿಗೆ ತಪ್ಪು ಯಾರದ್ದೆಂದು ತೀರ್ಮಾನವಾಯಿತು, ದುಡ್ಡು ಎಷ್ಟೆಂದು ಆಗಬೇಕಿತ್ತು. ಚೆಲ್ಸಿ 2006ರಲ್ಲಿ ಫಿಫಾದ ವಿವಾದ ಇತ್ಯರ್ಥ ಮಂಡಳಿಯ ಕದ ತಟ್ಟಿತು. ಮಂಡಳಿ ಇದು ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಕೈತೊಳೆದುಕೊಂಡಿತು. ಕ್ರೀಡಾ ನ್ಯಾಯಮಂಡಳಿ 2007ರಲ್ಲಿ, ಬರುತ್ತದೆ, ನೀವೇ ತೀರ್ಮಾನಿಸಿ ಎಂದು ವಾಪಸ್ ಕಳಿಸಿತು. 2008ರ ಮೇ 7ರಂದು ಮೇಲಿನ ಮೊತ್ತ ನಿಗದಿಯಾಯಿತು. 2009ರ ಜುಲೈನಲ್ಲಿ ಕ್ರೀಡಾ ನ್ಯಾಯಮಂಡಳಿ, 2010ರ ಜೂನ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಸರ್ವೋಚ್ಚ ನ್ಯಾಯಾಲಯ, ಎರಡೂ ಮುಟುವಿನ ಮನವಿಯನ್ನು ತಳ್ಳಿಹಾಕಿದವು.

ಲಾರಿಯ ಹೋಲಿಕೆ ಇಲ್ಲಿಗೆ ಬಂದಾಗ ಕಾಲು ಜಾರುತ್ತದೆ. ಸುಟ್ಟ ಲಾರಿಯಿಂದ ಯಾರೂ ಅದರ ಬೆಲೆ ವಸೂಲು ಮಾಡುವುದಿಲ್ಲ. ಇಲ್ಲಿ ಲಾರಿಗೇ ರಸೀದಿ ಕೈಗೆ ಕೊಟ್ಟ ಹಾಗಾಯಿತು. ಆ 2.25 ಕೋಟಿ ಮುಟುವಿನ ಜೇಬಿಗೆ ಹೋಗಿರಲಿಲ್ಲ, ಪಾರ್ಮಾ ಕ್ಲಬ್‌ನ ಖಾತೆಗೆ ಹೋಗಿತ್ತು. ತನ್ನ ಕೈಗೇ ಬಾರದ ಹಣವನ್ನು ತಾನು ಮರಳಿಸಬೇಕು. ಹೊಲದ ಆಳಿಗೆ ಮುಂಗಡ ಕೊಟ್ಟು ಅದು ತೀರುವತನಕ ಹಿಡಿದಿಡುತ್ತಿದ್ದ ಹಳೆಯ ಜೀತದಲ್ಲೂ ಮುಂಗಡ ಆಳಿನ ಮನೆಯನ್ನಾದರೂ ಸೇರುತ್ತಿತ್ತು. ಕೋಟ್ಯಧೀಶ ಆಟಗಾರನನ್ನು ಜೀತದಾಳಿಗೆ ಹೋಲಿಸುವುದು ಅತಿಯಾಯಿತು, ನನಗೂ ಗೊತ್ತು. ಆದರೆ ಹಣ ಹರಿದ ದಿಕ್ಕನ್ನು ನೋಡಿದಾಗ ಆ ನೆನಪು ಬಾರದೆ ಇರುವುದಿಲ್ಲ. ಮತ್ತೊಂದು ಕಡೆಯಿಂದ ಕ್ಲಬ್‌ನ ಪರವಾಗಿಯೂ ಹೇಳಬೇಕಾದ ಮಾತಿದೆ: ಪರಿಹಾರದ ಭಯವೇ ಇಲ್ಲದಿದ್ದರೆ, ಬೇಡವಾದ ಒಪ್ಪಂದದಿಂದ ಕಳಚಿಕೊಳ್ಳಲು ಆಟಗಾರ ಬೇಕೆಂದೇ ತಪ್ಪು ಮಾಡಿ, ಮರುದಿನ ಬೇರೆಡೆ ಬಿಟ್ಟಿಯಾಗಿ ಸೇರಬಹುದು. ನ್ಯಾಯಪೀಠಗಳ ಮನಸ್ಸಿನಲ್ಲಿದ್ದದ್ದು ಈ ಒಪ್ಪಂದದ ಸ್ಥಿರತೆಯೇ.

ಇಷ್ಟೆಲ್ಲ ನಡೆಯುತ್ತಿದ್ದಾಗ ಮುಟು ಕೋರ್ಟಿನ ಮೆಟ್ಟಿಲ ಮೇಲೆ ಕುಳಿತಿರಲಿಲ್ಲ ಎಂಬುದೇ ಸೋಜಿಗ. ಬದುಕಿನ ಅತ್ಯುತ್ತಮ ಆಟ ಆಡಿದ್ದು ಅವೇ ವರ್ಷಗಳಲ್ಲಿ. ಮ್ಯಾಚ್ ಫಿಕ್ಸಿಂಗ್ ಹಗರಣದಲ್ಲಿ ಯುವೆಂಟಸ್ 2006ರಲ್ಲಿ ಎರಡನೇ ದರ್ಜೆಗೆ ಬಿದ್ದಾಗ ಆತ ಫ್ಲಾರೆನ್ಸ್‌ನ ಫಿಯೊರೆಂಟಿನಾ ಸೇರಿದ. ಅಲ್ಲಿದ್ದ ಕೋಚ್ ಪಾರ್ಮಾದ ಹಳೆಯ ಗುರು ಚೆಸಾರೆ ಪ್ರಾಂಡೆಲ್ಲಿ. ಮುಟುವನ್ನು ನಂಬಿಕೆಯಿಂದ ನಡೆಸಿಕೊಳ್ಳುವ ಕಲೆ ತಿಳಿದಿದ್ದ ಮನುಷ್ಯ. ಮೊದಲ ಋತುವಿನಲ್ಲಿ ಲೂಕಾ ಟೋನಿ ಜೊತೆ ಆಡುತ್ತಾ 16 ಲೀಗ್ ಗೋಲು, ಟೋನಿ ಹೋದ ಮೇಲಿನ ಋತುವಿನಲ್ಲಿ 17. ಫಿಯೊರೆಂಟಿನಾ ನಾಲ್ಕನೇ ಸ್ಥಾನಕ್ಕೇರಿ ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತು ತಲುಪಿತು. ರೊಮೇನಿಯಾದ ವರ್ಷದ ಆಟಗಾರ ಪ್ರಶಸ್ತಿ ಅವನಿಗೆ ನಾಲ್ಕು ಸಲ ಬಂದಿದೆ: 2003, 2005, 2007, 2008.

2008ರ ಜೂನ್ 13ರ ಜೂರಿಚ್ ಪಂದ್ಯವನ್ನು ನೋಡಿದವರು ಮರೆಯಲಾರರು. ಫಿಫಾ ಮಂಡಳಿ ಮೊತ್ತ ನಿಗದಿ ಮಾಡಿ ಐದು ವಾರವಷ್ಟೇ ಕಳೆದಿತ್ತು. ಯೂರೊ ಕಪ್‌ನಲ್ಲಿ ವಿಶ್ವ ಚಾಂಪಿಯನ್ ಇಟಲಿ ಎದುರಾಳಿ. 55ನೇ ನಿಮಿಷದಲ್ಲಿ ಇಟಲಿಯ ಜಾಂಬ್ರೊಟ್ಟಾ ತಲೆಯಿಂದ ತನ್ನ ಗೋಲ್‌ಕೀಪರ್ ಬುಫಾನ್‌ನತ್ತ ಹಿಂದಕ್ಕೆ ಕಳಿಸಿದ ಚೆಂಡು ಸಾಕಷ್ಟು ದೂರ ಹೋಗಲಿಲ್ಲ. ನಡುವೆ ನುಗ್ಗಿದ ಮುಟು ಬುಫಾನ್‌ನನ್ನು ದಾಟಿಸಿ ಬಲೆಗೆ ಹೊಡೆದ. ರೊಮೇನಿಯಾ ಸಂಭ್ರಮ ಮುಗಿಸುವಷ್ಟರಲ್ಲಿ, ಮರುನಿಮಿಷವೇ, ಪಾನುಚ್ಚಿ ಸಮ ಮಾಡಿದ. 81ನೇ ನಿಮಿಷದಲ್ಲಿ ಪೆನಾಲ್ಟಿ ಸಿಕ್ಕಿತು. ಚೆಂಡನ್ನು ಇಟ್ಟವನು ಮುಟು, ಎದುರಿಗೆ ನಿಂತವನು ಯುವೆಂಟಸ್‌ನ ಹಳೆಯ ಜೊತೆಗಾರ ಬುಫಾನ್. ಬುಫಾನ್ ಬಲಕ್ಕೆ ಬಿದ್ದು ಕೈಯಿಂದಲೂ ಕಾಲಿನಿಂದಲೂ ಒಟ್ಟಿಗೇ ತಡೆದ. 1-1. ಮುಂದಿನ ಪಂದ್ಯದಲ್ಲಿ ನೆದರ್ಲೆಂಡ್ಸ್‌ಗೆ ಸೋತು ರೊಮೇನಿಯಾ ಮನೆಗೆ ಹೊರಟಿತು, ಇಟಲಿ ಕ್ವಾರ್ಟರ್‌ ಫೈನಲ್‌ಗೆ ಹೋಯಿತು.

ಎರಡನೇ ಎಡವಟ್ಟು 2010ರ ಜನವರಿಯಲ್ಲಿ. ಹಸಿವು ಕುಗ್ಗಿಸುವ ಸಿಬುಟ್ರಮಿನ್ ಎಂಬ ಔಷಧ ಪರೀಕ್ಷೆಯಲ್ಲಿ ಸಿಕ್ಕಿ ಒಂಬತ್ತು ತಿಂಗಳ ನಿಷೇಧ. ಈ ಬಾರಿ ಕ್ಲಬ್ ಒಪ್ಪಂದ ಮುರಿಯಲಿಲ್ಲ. ನಿಷೇಧ ಮುಗಿಸಿ ಆತ ಫಿಯೊರೆಂಟಿನಾದ ಅದೇ ನೇರಳೆ ಅಂಗಿಗೆ ಮರಳಿದ. ಬಳಿಕ ಚೆಜೆನಾ, ಅಲ್ಲಿ ಇಟಲಿಯ ಮೊದಲ ದರ್ಜೆಯ ನೂರನೇ ಗೋಲು. ಆಮೇಲೆ ಫ್ರಾನ್ಸ್‌ನ ಕಾರ್ಸಿಕಾ ದ್ವೀಪದ ಅಜಾಸ್ಯೊ, ತಾಯ್ನಾಡಿನ ಪೆಟ್ರೋಲುಲ್, ಪುಣೆ, ಕೊನೆಗೆ 2016ರಲ್ಲಿ ಮತ್ತೆ ರೊಮೇನಿಯಾದಲ್ಲೇ ಟರ್ಗು ಮುರೆಶ್.

ದೇಶದ ತಂಡದ ಅಧ್ಯಾಯ ಮುಗಿದ ಬಗೆ ಮಾತ್ರ ನಗು ತರಿಸುವಂಥದ್ದು. 2013ರ ಮಾರ್ಚ್‌ನಲ್ಲಿ ಹಂಗೆರಿ ವಿರುದ್ಧ ಪೆನಾಲ್ಟಿ ಹೊಡೆದು ಮುಟು 35 ಗೋಲು ತಲುಪಿದ. ಅದು ರೊಮೇನಿಯಾದ ಹಿಂದಿನ ತಾರೆ ಗಿಯೋರ್ಗೆ ಹಾಜಿಯ ದಾಖಲೆಗೆ ಸಮ. ದೇಶಕ್ಕಾಗಿ ಹಾಜಿ ಆಡಿದ್ದು ಒಟ್ಟು 124 ಪಂದ್ಯ, ಮುಟು 77. ಇನ್ನೊಂದೇ ಒಂದು ಗೋಲು ಬಂದಿದ್ದರೆ ದಾಖಲೆ ಅವನೊಬ್ಬನದೇ. ಅದೇ ವರ್ಷದ ಕೊನೆಯಲ್ಲಿ ರೊಮೇನಿಯಾ ವಿಶ್ವಕಪ್ ಅರ್ಹತೆ ತಪ್ಪಿಸಿಕೊಂಡಾಗ, ತಂಡದಿಂದ ಹೊರಗಿದ್ದ ಮುಟು ಕೋಚ್ ವಿಕ್ಟರ್ ಪಿಟುರ್ಕಾ ಅವರ ಮುಖವನ್ನು ಮಿಸ್ಟರ್ ಬೀನ್ ದೇಹಕ್ಕೆ ಅಂಟಿಸಿದ ಚಿತ್ರವೊಂದನ್ನು ಫೇಸ್‌ಬುಕ್‌ನಲ್ಲಿ ಹಾಕಿದ. ಫೆಡರೇಶನ್ ಬಾಗಿಲು ಮುಚ್ಚಿತು. 35 ಅಲ್ಲಿಗೇ ನಿಂತಿತು.

ಆ ಹೊತ್ತಿಗೆ ಪ್ರಕರಣಕ್ಕೆ ಹೊಸ ಚಿಗುರು ಮೂಡಿತ್ತು. ಮುಟುವಿನಿಂದ ಹಣ ಬಾರದಿದ್ದಾಗ ಚೆಲ್ಸಿ ಬೇರೆ ಕಡೆ ನೋಡಿತು. ಒಪ್ಪಂದ ಮುರಿದು ಬಂದ ಆಟಗಾರನನ್ನು ಸೇರಿಸಿಕೊಂಡ ಹೊಸ ಕ್ಲಬ್ ಕೂಡ ಪರಿಹಾರಕ್ಕೆ ಜಂಟಿ ಹೊಣೆ ಎಂಬ ನಿಯಮ ಫಿಫಾದಲ್ಲಿತ್ತು. ಹೆಚ್ಚು ಸಂಬಳದ ಆಸೆ ತೋರಿಸಿ ಇನ್ನೊಬ್ಬರ ಆಟಗಾರನನ್ನು ಎಳೆದುಕೊಳ್ಳುವವರಿಗೆ ಕಡಿವಾಣ ಹಾಕಲು ಮಾಡಿದ್ದು ಅದು. 2013ರಲ್ಲಿ ಫಿಫಾ ಮಂಡಳಿ ಲಿವೊರ್ನೊ ಮತ್ತು ಯುವೆಂಟಸ್‌ಗಳನ್ನೂ ಹೊಣೆಗಾರರೆಂದಿತು. ಆದರೆ 2015ರ ಜನವರಿಯಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ಉರುಳಿಸಿತು. ಆಟಗಾರ ತಾನಾಗಿ ಬಿಟ್ಟುಬಂದಿದ್ದರೆ ಮಾತ್ರ ಆ ನಿಯಮ. ಕ್ಲಬ್ಬೇ ಹೊರಹಾಕಿದ್ದರೆ, ಅವನನ್ನು ಸೆಳೆಯುವಲ್ಲಿ ಹೊಸ ಕ್ಲಬ್‌ನ ಪಾತ್ರವಿಲ್ಲದಿದ್ದರೆ, ಅವರು ಯಾಕೆ ತೆರಬೇಕು? ತರ್ಕ ಒಪ್ಪುವಂಥದ್ದೇ. ಆದರೆ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸ್ವಾರಸ್ಯ ಕಾಣುತ್ತದೆ. ಕ್ಲಬ್ಬೇ ಹೊರಹಾಕಿತು ಎಂಬ ಅಂಶ ಮುಟುವಿನ ಕೈ ಹಿಡಿಯಲಿಲ್ಲ, ಅವನನ್ನು ಬಿಟ್ಟಿಯಾಗಿ ಪಡೆದವರ ಕೈ ಹಿಡಿಯಿತು.

ಮುಟುವಿಗೆ ಉಳಿದಿದ್ದ ಕೊನೆಯ ಬಾಗಿಲು ಸ್ಟ್ರಾಸ್‌ಬರ್ಗ್‌ನ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ. ಅಲ್ಲಿ ಆತ ದೂರಿದ್ದು ಚೆಲ್ಸಿಯನ್ನಲ್ಲ, ಸ್ವಿಟ್ಜರ್ಲೆಂಡನ್ನು. ಯಾಕೆಂದರೆ ಕ್ರೀಡಾ ನ್ಯಾಯಮಂಡಳಿಯ ತೀರ್ಪನ್ನು ಪರಿಶೀಲಿಸುವ ಹೊಣೆ ಆ ದೇಶದ ಸರ್ವೋಚ್ಚ ನ್ಯಾಯಾಲಯದ್ದು. ಕ್ರೀಡಾ ನ್ಯಾಯಮಂಡಳಿಯ 2009ರ ಪೀಠದಲ್ಲಿ ತೀರ್ಪು ಕೊಟ್ಟ ಮಧ್ಯಸ್ಥರಲ್ಲಿ ಒಬ್ಬರ ವಕೀಲ ಸಂಸ್ಥೆ ಚೆಲ್ಸಿ ಮಾಲೀಕರ ಹಿತ ನೋಡಿಕೊಳ್ಳುತ್ತದೆ, ಇನ್ನೊಬ್ಬರು 2005ರ ಪೀಠದಲ್ಲೂ ಕುಳಿತಿದ್ದವರು, ಹೀಗಾಗಿ ತನಗೆ ನಿಷ್ಪಕ್ಷಪಾತ ವಿಚಾರಣೆ ಸಿಗಲಿಲ್ಲ ಎಂಬುದು ಅವನ ವಾದ. ಇದೇ ಬಗೆಯ ದೂರು ಹೊತ್ತ ಜರ್ಮನಿಯ ಸ್ಕೇಟಿಂಗ್ ಪಟು ಕ್ಲೌಡಿಯಾ ಪೆಖ್‌ಸ್ಟೈನ್ ಅರ್ಜಿಯನ್ನೂ ಜೊತೆಗೆ ಸೇರಿಸಿ ವಿಚಾರಣೆ ನಡೆಯಿತು.

ತೀರ್ಪು ಬಂದದ್ದು 2018ರ ಅಕ್ಟೋಬರ್ 2ರಂದು. ಲಂಡನ್ನಿನಲ್ಲಿ ಮುಟುವಿನ ಮೂತ್ರ ಪರೀಕ್ಷೆಯಾಗಿ ಹದಿನಾಲ್ಕು ವರ್ಷ ಒಂದು ದಿನ. ಪೆಖ್‌ಸ್ಟೈನ್‌ಗೆ ಕ್ರೀಡಾ ನ್ಯಾಯಮಂಡಳಿಯ ಮಧ್ಯಸ್ಥಿಕೆ ಒಪ್ಪದೆ ಆಡುವ ದಾರಿಯೇ ಇರಲಿಲ್ಲ, ಅವಳು ಕೇಳಿದರೂ ಬಹಿರಂಗ ವಿಚಾರಣೆ ಕೊಡಲಿಲ್ಲ, ಇದು ತಪ್ಪು ಎಂದ ನ್ಯಾಯಾಲಯ ಅವಳಿಗೆ 8,000 ಯೂರೊ ಕೊಡಿಸಿತು. ಮುಟುವನ್ನು ಯಾರೂ ಹಾಗೆ ಬಲವಂತ ಮಾಡಿರಲಿಲ್ಲ ಎಂದಿತು. ಆದರೂ ನಿಷ್ಪಕ್ಷಪಾತ ಪೀಠದ ಹಕ್ಕು ಅವನಿಗೂ ಇತ್ತು ಎಂದು ಒಪ್ಪಿ, ಮಧ್ಯಸ್ಥರ ಮೇಲಿನ ಶಂಕೆಗೆ ಸಾಕಷ್ಟು ಆಧಾರವಿಲ್ಲ ಎಂದು ಬದಿಗಿಟ್ಟಿತು. ಬೂಟು ಬಿಚ್ಚಿಟ್ಟು ಕೋಚ್ ಕೆಲಸಕ್ಕೆ ಇಳಿದಿದ್ದ ಮುಟುವಿನ ಹೆಸರಿಗೆ ಆ ತೀರ್ಪಿನಲ್ಲಿ ಒಂದು ಯೂರೊ ಕೂಡ ಬರಲಿಲ್ಲ.